ಅವಳು ಓಡಿದಳು ಎಂಬ ಕಾಗದ

ಅಕ್ಟೋಬರ್ 2, ಭಾನುವಾರ

ರೊಟ್ಟಿ ತರಲು ಹೊರಟೆ. ಬೇಕರಿ ಅಮ್ಮಾನ್ ರಸ್ತೆಯ ಆಚೆ ಬದಿ. ಹನ್ನೊಂದು ನಿಮಿಷ ನಿಂತೆ. ಲಾರಿ, ಬಸ್ಸು, ಮತ್ತೆ ಲಾರಿ. ಕಾಲು ಮುಂದಿಡುವುದು, ಹಿಂದೆ ತೆಗೆಯುವುದು. ಕೊನೆಗೆ ಇತಿದಾಲ್ ಟೀಚರ್ ತೋಳು ಹಿಡಿದು ದಾಟಿಸಿದರು. ನಿವೃತ್ತರಾಗಿ ಐದು ವರ್ಷ, ಆದರೂ ಬೀದಿಯವರೆಲ್ಲ ಇನ್ನೂ ಅವರ ವಿದ್ಯಾರ್ಥಿಗಳೇ.

"ಅಬು ಮುಂದಿರ್, ಇಲ್ಲೇ ಬೇರು ಬಿಡ್ತೀರೇನು?" ಎಂದರು. ಆಮೇಲೆ ಮೆಲ್ಲಗೆ, "ನಗರಸಭೆಗೆ ಅರ್ಜಿ ಬರೀತಿದೀನಿ. ಜೀಬ್ರಾ, ಸಿಗ್ನಲ್, ಎರಡೂ ಬೇಕು ಅಂತ. ಮೊದಲ ಸಹಿ ನಿಮ್ಮದಿರಲಿ."

ಹಾಕಿದೆ.

ಗುಸೂನ್ ಹೋಗಿ ಎಪ್ಪತ್ತೆಂಟು ದಿನ. ಅದೇ ಜಾಗ. ಅವಳೂ ರೊಟ್ಟಿಗೇ ಹೋಗಿದ್ದಳು. ನೀರಿನ ಟ್ಯಾಂಕರ್... ಮೂವತ್ತೊಂದು ವರ್ಷದ ಸಂಸಾರ.

ಅಕ್ಟೋಬರ್ 5, ಬುಧವಾರ

ಟೀಚರ್ ಜೊತೆ ಮನೆ ಮನೆ ಸುತ್ತಿದೆ. ಮಾತು ಅವರದು, ಪೆನ್ನು ನನ್ನದು. ಇನ್ನೂರ ಹದಿನಾಲ್ಕು ಸಹಿ. ಮಾಂಸದಂಗಡಿಯವನು ನಕ್ಕ.

"ನಮ್ಮ ಬೀದಿ ದೀಪಾನೇ ಮೂರು ವರ್ಷದಿಂದ ನೋಡಿಲ್ಲ ಅವ್ರು. ಇನ್ನು ರಸ್ತೆಗೆ ಬಣ್ಣ ಬಳೀತಾರಾ?"

"ನೀನು ಸಹಿ ಮಾಡು. ಎರಡನೇ ಕ್ಲಾಸಲ್ಲೂ ನಿಂದು ಬಾಯಿ ಜಾಸ್ತಿ, ಬರವಣಿಗೆ ಕಮ್ಮಿ."

ಮಾಡಿದ. ಹಾಳೆಗೆ ಕುರಿಕೊಬ್ಬಿನ ಕಲೆ.

ಅಕ್ಟೋಬರ್ 9, ಭಾನುವಾರ

ನಗರಸಭೆ. ಶುಕ್ರ-ಶನಿ ರಜೆ ಮುಗಿದು ಬಾಗಿಲು ತೆರೆದ ಮೊದಲ ದಿನ. ಇಂಜಿನಿಯರ್ ಚಿಕ್ಕ ವಯಸ್ಸಿನವರು, ಸಭ್ಯರು. ಅರ್ಜಿ ಪೂರ್ತಿ ಓದಿದರು. ಫೈಲ್ ತರಿಸಿದರು.

"ಸಿಗ್ನಲ್ ಹಾಕೋಕೆ ಆ ಜಾಗದ ಅಪಘಾತದ ದಾಖಲೆ ಬೇಕು."

"ಇದೆಯಲ್ಲ," ಎಂದರು ಟೀಚರ್. "ಇವರ ಹೆಂಡತಿ."

ಇಂಜಿನಿಯರ್ ಒಂದು ಹಾಳೆ ನನ್ನ ಕಡೆ ತಿರುಗಿಸಿದರು. 'ಮಹಿಳೆ ಇದ್ದಕ್ಕಿದ್ದಂತೆ ರಸ್ತೆಗೆ ಓಡಿದರು. ಚಾಲಕನದಾಗಲಿ ರಸ್ತೆಯದಾಗಲಿ ತಪ್ಪಿಲ್ಲ.' ಕೆಳಗೆ ಸಾಕ್ಷಿಯ ಸಹಿ. ನನ್ನದು.

ಯಾವ ಹಿರಿಯರನ್ನಾದರೂ ಕರೆಯುವ ಹಾಗೆ ಕರೆದರು: "ಚಿಕ್ಕಪ್ಪ, ಇದು ಇರೋವರೆಗೂ ನನ್ನ ಕೈ ಕಟ್ಟಿದೆ. ಇಪ್ಪತ್ತನೇ ತಾರೀಖು ಸಮಿತಿ. ಅದು ಬಿಟ್ಟರೆ ಮುಂದಿನ ವರ್ಷಾನೇ."

ಟೀಚರ್ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಮನೆ ಸೇರಿದರು.

ಅಕ್ಟೋಬರ್ 10, ಸೋಮವಾರ

ಎಲ್ಲಾದರೂ ಬರೆದಿಡಬೇಕು.

ಅವಳನ್ನು ಮಣ್ಣು ಮಾಡಿದ ನಾಲ್ಕನೇ ದಿನ ಹಾಜಿ ಮಿಥ್ಕಾಲ್ ಐವತ್ತು ಜನ ಹಿರಿಯರೊಂದಿಗೆ ಬಂದರು. ಟ್ಯಾಂಕರ್ ಓಡಿಸಿದ ಬಾಸಿಮ್ ಅವರ ತಮ್ಮನ ಮಗ. ಆಗ ಠಾಣೆಯಲ್ಲಿದ್ದ. ಕಾಫಿ ಕೊಟ್ಟೆ. ಹಾಜಿ ಕುಡಿಯದೆ ಮುಂದಿಟ್ಟುಕೊಂಡರು. ಕೇಳಲು ಬಂದದ್ದು ಸಿಗುವವರೆಗೆ ಕುಡಿಯುವಂತಿಲ್ಲ. ಐವತ್ತು ಜನ ಆರುವ ಕಾಫಿಯನ್ನೇ ನೋಡುತ್ತಿದ್ದರು. "ಕ್ಷಮಿಸಿದೀನಿ, ಕುಡೀರಿ" ಅಂದೆ. ಅದು ನಿಜ. ಬಾಸಿಮನ ಹೆಂಡತಿ ತುಂಬು ಬಸುರಿ.

ಮರುದಿನ ಠಾಣೆಯಲ್ಲಿ, ಕೇಸು ಬೇಡ ಎಂದು ಬರೆದುಕೊಡುವಾಗ, ಹಾಜಿ ಕಿವಿಯಲ್ಲಿ ಹೇಳಿದರು: "ಓಡಿದಳು ಅಂದ್ಬಿಡು. ಇವತ್ತೇ ಬಿಡ್ತಾರೆ." ಬಾಲ್ಕನಿಯಿಂದ ನೋಡಿದವನು ನಾನೊಬ್ಬನೇ. ಅಂದುಬಿಟ್ಟೆ. ಯೋಚಿಸಲೂ ಇಲ್ಲ.

ಗುಸೂನ್‌ಗೆ ಮೊಣಕಾಲು ನೋವು. ಎಂಟು ವರ್ಷದಿಂದ ಓಡಿದವಳಲ್ಲ.

ಅಕ್ಟೋಬರ್ 17, ಸೋಮವಾರ

ಒಂದು ವಾರ ಬರೆಯಲಾಗಲಿಲ್ಲ.

ಇವತ್ತು ಮೇಲಿನ ಮನೆಯ ಹೆಣ್ಣುಮಗಳು ರಸ್ತೆ ದಾಟುವಾಗ ಅವಳ ಮಗುವಿನ ತಳ್ಳುಗಾಡಿ ಬಸ್ಸಿನಡಿ ಸಿಕ್ಕಿತು. ಮಗು ಕಂಕುಳಲ್ಲಿತ್ತು. ಗಾಡಿಯಲ್ಲಿದ್ದದ್ದು ಟೊಮೆಟೊ. ರಸ್ತೆ ಕೆಂಪಾದದ್ದು ನೋಡಿ ಜನ ಕೂಗಿಕೊಂಡರು. ರಸ್ತೆಯಂಚಿಗೆ ಉರುಳಿದವನ್ನು ನಾನು ಹೆಕ್ಕಿದೆ.

ಸಂಜೆ ಹಾಜಿ ಮನೆಗೆ ಹೋದೆ.

"ಆ ಕಾಗದದಲ್ಲಿ ಒಂದು ಸಾಲು ತೆಗೀಬೇಕು, ಹಾಜಿ."

"ಮಾತು ಕೊಟ್ಟಿದೀಯ. ಐವತ್ತು ಜನರ ಮುಂದೆ."

"ಕ್ಷಮಿಸಿದ್ದು ಹಾಗೇ ಇರತ್ತೆ. ಓಡಿದಳು ಅಂದದ್ದು ಮಾತ್ರ."

"ಎರಡೂ ಒಂದೇ ಕಾಗದ, ಅಬು ಮುಂದಿರ್. ಹರಿದ್ರೆ ಎರಡೂ ಹರಿಯತ್ತೆ. ಆಮೇಲೆ ನಿನ್ನ ಮನೆ ಸಾವಿಗೂ ನಮ್ಮವರು ಬರಲ್ಲ."

ಹೆದರಿಸುವ ದನಿಯಲ್ಲ. ಬೇಸರದಿಂದ ಹೇಳಿದರು. ಅದೇ ಕಷ್ಟವಾದದ್ದು.

ಅಕ್ಟೋಬರ್ 19, ಬುಧವಾರ

ಬಾಸಿಮ್ ಬಾಗಿಲು ತೆರೆದ. ತೋಳಲ್ಲಿ ಮಗು, ಹೆಣ್ಣು. ಒಳಗೆ ಕರೆದ. ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದೆ, ನಾಳೆ ಸಮಿತಿಯ ಮುಂದೆ ನಿಜ ಹೇಳುವವನಿದ್ದೇನೆ ಎಂದು.

"ಲೈಸೆನ್ಸ್ ಹೋಗತ್ತಾ, ಚಿಕ್ಕಪ್ಪ?"

"ಹೋಗಬಹುದು."

"ಜೈಲು?"

"ಗೊತ್ತಿಲ್ಲ. ಕೇಸು ಬೇಡ ಅಂತ ಮತ್ತೆ ಬರ್ಕೊಡ್ತೀನಿ. ಒಪ್ತಾರೋ ಇಲ್ವೋ."

ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿದ.

"ಅವ್ರು ಕೈ ಎತ್ತಿದ್ರು, ನಿಲ್ಲು ಅಂತ. ಬ್ರೇಕ್ ಒತ್ತಿದೆ. ನೀರು ತುಂಬಿತ್ತು, ನಿಲ್ಲಲಿಲ್ಲ." ಮಗುವಿನ ಟೋಪಿ ಸರಿಮಾಡುತ್ತ, "ಹೇಳ್ಬೇಡಿ ಅಂತ ನಾನು ಕೇಳ್ಬೋದಾ?"

"ಕೇಳಬಹುದು."

ಅವನು ಕೇಳಲಿಲ್ಲ.

ಅಕ್ಟೋಬರ್ 20, ಗುರುವಾರ, ಬೆಳಿಗ್ಗೆ 8.30

ಹತ್ತಕ್ಕೆ ಸಮಿತಿ. ಶರ್ಟ್ ನಾನೇ ಇಸ್ತ್ರಿ ಮಾಡಿದೆ, ಕಾಲರ್ ಸರಿಯಾಗಲಿಲ್ಲ. ಟೀಚರ್ ಆಗಲೇ ಕೆಳಗೆ ಬಂದು ನಿಂತಿದ್ದಾರೆ. ಹೇಳಬೇಕಾದದ್ದನ್ನು ಒಮ್ಮೆ ಬರೆದು ನೋಡುತ್ತೇನೆ. ಅಲ್ಲಿ ಬಾಯಿ ತಪ್ಪಬಾರದು.

ನನ್ನ ಹೆಂಡತಿ ಓಡಲಿಲ್ಲ. ರೊಟ್ಟಿ ಕೊಂಡು ಬೇಕರಿಯ ಮುಂದೆ ರಸ್ತೆಯ ಅಂಚಿನಲ್ಲಿ ನಿಂತಳು. ತುಂಬ ಹೊತ್ತು ನಿಂತಳು. ಎರಡು ಬಸ್ಸು ಹೋಗಲು ಬಿಟ್ಟಳು. ಆಚೆಯ ತಿರುವು ಅವಳಿಗೆ ಕಾಣುತ್ತಿರಲಿಲ್ಲ. ತಲೆ ಎತ್ತಿ ಬಾಲ್ಕನಿ ಕಡೆ ನೋಡಿದಳು. ನಾನು ತಿರುವಿನತ್ತ ನೋಡಿದೆ. ಖಾಲಿ ಕಂಡಿತು. ಕೈ ಬೀಸಿದೆ — ಬಾ ಎಂದು.

ನಾನೇ ಅವಳನ್ನು...