ಕತ್ತರಿ ಹಿಡಿದ ಕೈಗೆ ಪಿಸ್ತೂಲು

ತರಬೇತಿ ಹಾಸ್ಟೆಲ್, ಮೇಲಿನ ಮಹಡಿ
ಹದಿನಾಲ್ಕನೇ ತಾರೀಖು, ಶನಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಲಾರಿಯ ಸೀಟಿಗೆ ದಿಂಬು ಹಾಕಿಕೋ ಎಂದರೆ ನಗುತ್ತೀಯ, ಆಮೇಲೆ ಅತ್ತಿಗೆಯ ಹತ್ತಿರ ನರಳುತ್ತೀಯ. ಅಮ್ಮ ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ಬ್ಯಾಂಕಿನ ಬಾಗಿಲಲ್ಲಿ ಬಂದವರ ಚೀಲ ನೋಡುವ ಕೆಲಸ ಎಂದು ಅವಳಿಗೆ ಹೇಳಿದ್ದೇನೆ. ನಾನು ಹೋಗುವುದು ಹಣ ಸಾಗಿಸುವ ಗಾಡಿಯ ಕಾವಲಿಗೆ, ಅದೂ ಪಿಸ್ತೂಲು ಕಟ್ಟಿಕೊಂಡು, ಎಂದು ಗೊತ್ತಿರುವುದು ನಿನಗೊಬ್ಬನಿಗೇ. ನೀನೂ ಅದೇ ಕೆಲಸ ಮಾಡಿ ಬಿಟ್ಟವನು. ಯಾಕೆ ಬಿಟ್ಟೆ ಎಂದು ಮಾತ್ರ ಮನೆಯಲ್ಲಿ ಯಾರೂ ಕೇಳುವ ಹಾಗಿಲ್ಲ.

ಮೊದಲ ದಿನದಿಂದಲೂ ನನಗೆ ಕೈಕಾಲು ನಡುಕ. ಬಲೂನು ಒಡೆದರೆ ಮಂಚದ ಕೆಳಗೆ ನುಗ್ಗುತ್ತಿದ್ದವಳು ನಾನು. ನೀನು ಬೇಕೆಂದೇ ಒಡೆಯುತ್ತಿದ್ದೆ, ಪಾಪಿ. ಇಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡರೂ ಆ ಸದ್ದು ಎದೆಯೊಳಗೇ ಸಿಡಿಯುತ್ತದೆ. ನನ್ನ ಗುಂಡುಗಳೆಲ್ಲ ಗುರಿಹಾಳೆಯ ಕೆಳಮೂಲೆಗೆ, ಎಡಕ್ಕೆ ಹೋಗುತ್ತಿದ್ದವು. ನಮಗೆ ಕಲಿಸುವವರಿಗೆ ಹುಡುಗಿಯರು ‘ಮೆಲ್ಲಗೆ ಮೇಡಂ’ ಎಂದು ಹೆಸರಿಟ್ಟಿದ್ದಾರೆ, ಅವರ ಬಾಯಲ್ಲಿ ಬೇರೆ ಮಾತೇ ಬರುವುದಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತ ನಿಂತು, “ಏನಮ್ಮಾ, ಬಟ್ಟೆ ಕತ್ತರಿಸ್ತಿದ್ದೀಯಾ?” ಎಂದರು. ನನ್ನ ಹಳೆಯ ಗಾರ್ಮೆಂಟ್ಸ್ ಕೆಲಸ ಇವರಿಗೆ ಹೇಗೆ ಗೊತ್ತಾಯಿತಪ್ಪಾ ಎಂದು ಬೆಚ್ಚಿದೆ. ಅಷ್ಟು ವರ್ಷ ದೊಡ್ಡ ಕತ್ತರಿ ಹಿಡಿದ ಕೈ ಅಲ್ಲವೇ; ತೋರುಬೆರಳು ಮಡಚಿದರೆ ಉಳಿದ ಬೆರಳುಗಳೂ ಜೊತೆಗೇ ಬಿಗಿಯುತ್ತವೆ, ಪಿಸ್ತೂಲಿನ ಮೂತಿ ಬಾಗುತ್ತದೆ.

ಅದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಒಂದು ದಿನ ಮೇಡಂ ನನಗೆ ಕಾಣದಂತೆ ನಿಜವಾದ ಗುಂಡುಗಳ ನಡುವೆ ಸಿಡಿಯದ ಡಮ್ಮಿ ಗುಂಡು ಸೇರಿಸಿ ಕೊಟ್ಟರು. ಒತ್ತಿದೆ. ಟಿಕ್ ಎಂದಿತು, ಅಷ್ಟೇ. ಆದರೆ ನನ್ನ ಕೈ ಧಡಕ್ಕನೆ ಕೆಳಗೆ ಹೋಗಿತ್ತು, ಕಣ್ಣು ಮುಚ್ಚಿತ್ತು. ಪಕ್ಕದಲ್ಲಿದ್ದವರೆಲ್ಲ ನಕ್ಕರು, ನನಗೆ ಅಳು ಬಂತು. “ನೋಡಿದ್ಯಾ, ಸದ್ದು ಬರೋಕೆ ಮುಂಚೆನೇ ಹೆದರ್ತೀಯ. ಯಾವಾಗ ಸಿಡಿಯುತ್ತೋ ಅಂತ ಕಾಯ್ಬೇಡ. ಮೆಲ್ಲಗೆ ಒತ್ತುತ್ತಾ ಹೋಗು, ಅದರ ಪಾಡಿಗೆ ಅದು ಸಿಡೀಲಿ” ಎಂದರು ಮೇಡಂ. ಆಮೇಲೆ ದಿನವೂ ಖಾಲಿ ಪಿಸ್ತೂಲಿನ ಮೇಲೆ ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವ ಅಭ್ಯಾಸ. ಬೆರಳ ತುದಿಯಿಂದ, ನೇರ ಹಿಂದಕ್ಕೆ. ದೃಷ್ಟಿ ನಳಿಗೆಯ ತುದಿಯಲ್ಲಿರುವ ಪುಟ್ಟ ಗೂಟದ ಮೇಲೇ ಇರಬೇಕು. ಎದುರಿನ ಗುರಿ ಮಸುಕಾದರೆ ಆಗಲಿ. ನಾಣ್ಯ ಬಿದ್ದಾಗಲೆಲ್ಲ ನನ್ನ ಕೋಣೆಯವಳು “ಇವತ್ತಿನ ಟೀ ನಿಂದೇ” ಎನ್ನುತ್ತಿದ್ದಳು. ತುಂಬಾ ಟೀ ಕುಡಿಸಿದ್ದೇನೆ ಅವಳಿಗೆ.

ನಿನ್ನೆ ಪರೀಕ್ಷೆ ಇತ್ತು. ಪಾಸಾದೆ. ಗುಂಡುಗಳೆಲ್ಲ ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಸೋಮವಾರ ಬೆಳಿಗ್ಗೆ ಗಾಡಿ ಹತ್ತಬೇಕು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಪಾಪುವಿನ ಎರಡೂ ಕೆನ್ನೆಗೆ ಮುತ್ತು ಕೊಡು. ದಿಂಬು ಮರೆಯಬೇಡ.

ಇನ್ನೂ ಬಲೂನಿಗೆ ಹೆದರುವ,
ನಿನ್ನ ಪುಕ್ಕಲಿ ತಂಗಿ

ಇನ್ನೊಂದು ಮಾತು. ನಿನ್ನ ಕಂಪನಿಯ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಲಿ ಕೊಟ್ಟರೆ ನಾಳೆಯೇ ನಿನ್ನ ಕೈ ಸೇರುತ್ತದೆ. ಇದನ್ನು ಫೋನಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆಯ ಹಾಳೆಯ ಮೇಲಿದ್ದದ್ದು ಬರೀ ವೃತ್ತವಲ್ಲ, ಮನುಷ್ಯನ ಆಕಾರ. ಗೂಟ ಸ್ಪಷ್ಟವಾಗಿತ್ತು, ಅವನು ಮಸುಕಾಗಿದ್ದ. ಕೈ ನಡುಗಲೇ ಇಲ್ಲ. ಅವನ ಎದೆಯ ತೂತುಗಳನ್ನು ನೋಡಿ ಕುಣಿದಾಡಿಬಿಟ್ಟೆ ಅಣ್ಣಾ. ಆಗಿನಿಂದ ನನಗೆ ನನ್ನದೇ ಭಯ. ನೀನು ಪಿಸ್ತೂಲು ಒಪ್ಪಿಸಿ ಮನೆಗೆ ಬಂದ ದಿನ, ಗುಂಡು ಹೊಡೆಯುವಾಗ ನಿನ್ನ ಕೈಯೂ ಹೀಗೇ ನಡುಗದೆ ಇತ್ತೇ? ಎದುರಿಗೆ ಇದ್ದದ್ದು ಹಾಳೆಯೇ, ಮನುಷ್ಯನೇ? ನಿಜ ಹೇಳು. ನಿನ್ನ ಫೋನು ಬರದಿದ್ದರೆ ನಾನು ಗಾಡಿ ಹತ್ತಿಬಿಡುತ್ತೇನೆ.