ನೀನು ನಡುವೆ ನಿಲ್ಲಿಸುತ್ತಿದ್ದ ಹಾಡು

ಕಲಘಟಗಿ
9 ಆಗಸ್ಟ್ 1987, ರವಿವಾರ

ಗೆಳೆಯ ಹಸನಸಾಬನಿಗೆ, ಸಿಟ್ಟಿನಲ್ಲಿರುವ ಏಕನಾಥ ಮಾಸ್ತರನ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಕ್ಷೇಮವಾಗಿಲ್ಲ, ನೀನಂತೂ ಇಲ್ಲವೇ ಇಲ್ಲ. ಆದ್ದರಿಂದ ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ಬರುವ ಗುರುವಾರ ಹುಬ್ಬಳ್ಳಿಯಲ್ಲಿ ನಿನ್ನ ಕಿವಿಯ ಆಪರೇಶನ್ನಿಗೆ ಡಾಕ್ಟರು ದಿನ ಕೊಟ್ಟಿದ್ದಾರೆ. ನೀನು ಹೋಗುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದೀಯಂತೆ. ನಿನ್ನೆ ನಿನ್ನ ಹೆಂಡತಿ, ನನಗೆ ತಂಗಿಯಂಥ ಖಾಸಿಂಬಿ, ನಿನಗೆ ತಿಳಿಸದೆ ಅಣ್ಣಿಗೇರಿಯಿಂದ ಎರಡು ಬಸ್ಸು ಬದಲಿಸಿ ಇಲ್ಲಿಯವರೆಗೆ ಬಂದಿದ್ದಳು. ಅವಳ ಮೇಲೆ ರೇಗಬೇಡ. ರೇಗುವುದಿದ್ದರೆ ನನ್ನ ಮೇಲೆ ರೇಗು, ನನಗೆ ರೂಢಿಯಿದೆ.

ಎದುರಿಗೆ ಬಂದು ಹೇಳಬಹುದಿತ್ತು. ಆದರೆ ಈಗ ನಿನ್ನ ಜೊತೆ ಮಾತಾಡಬೇಕೆಂದರೆ ಕೂಗಬೇಕು, ಇವು ಕೂಗಿ ಹೇಳುವ ಮಾತುಗಳಲ್ಲ. ನಾನು ನಿನ್ನ ಅಂಗಡಿಯಲ್ಲಿ ಬಾಯಿ ತೆರೆದರೆ ಬಾಜು ಚಹದಂಗಡಿಯ ಹನಮಂತಪ್ಪ ಅದಕ್ಕೆ ತನ್ನದೂ ನಾಲ್ಕು ಮಾತು ಕೂಡಿಸಿ ಸಂಜೆಯೊಳಗೆ ಸ್ಟೇಷನ್ನಿನ ತನಕ ಮುಟ್ಟಿಸುತ್ತಾನೆ. ಅಲ್ಲದೆ ಬೇಡವಾದ ಮಾತು ಬಂದ ಕೂಡಲೇ ನೀನು ಮೋರೆ ಆ ಕಡೆ ತಿರುಗಿಸುತ್ತೀ. ಕಾಗದಕ್ಕೆ ಬೆನ್ನು ಮಾಡಿದರೂ ಅದು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಬಿದ್ದಿರುತ್ತದೆ. ಇವತ್ತಲ್ಲ ನಾಳೆ ನೀನು ಓದಲೇಬೇಕು.

ನೀನು ಮರೆತಿರಲಾರೆ, ಆದರೂ ಬರೆಯುತ್ತೇನೆ. ಎಂಟು ವರ್ಷದ ಹಿಂದೆ ಅಣ್ಣಿಗೇರಿ ಹೈಸ್ಕೂಲಿನ ಗ್ಯಾದರಿಂಗಿಗೆ ಮೈಕ್ ಸೆಟ್ ಹಚ್ಚಲು ಬಂದವನು ನೀನು. ಹಾರ್ನು ಸರಿಯಿದೆಯೋ ಇಲ್ಲವೋ ನೋಡಲು ಒಂದು ಕ್ಯಾಸೆಟ್ ಹಾಕಿದೆ. ಬೇರೆಯವರು ದೇಶಭಕ್ತಿಗೀತೆಯನ್ನೋ ದೇವರ ಹಾಡನ್ನೋ ಹಾಕುತ್ತಿದ್ದರು, ನೀನು ಹಾಕಿದ್ದು ಇಂಗ್ಲಿಷ್ ರಾಕ್ ಹಾಡು. ನಾನು ಒಳಗೆ ಬೋರ್ಡಿನ ಮೇಲೆ ಪ್ರಮೇಯ ಬಿಡಿಸುತ್ತಿದ್ದವನು ಖಡು ಇಟ್ಟು ಹೊರಗೆ ಬಂದೆ. ನಾನು ಬಯ್ಯಲು ಬಂದೆ ಎಂದುಕೊಂಡು ನೀನು ವೈರು ಕಿತ್ತೆ. "ತಗೀಬ್ಯಾಡೋ, ಹಚ್ಚು! ಯಾರದಿದು?" ಎಂದು ನಾನು ಕೇಳಿದೆ. "ಗೊತ್ತಿಲ್ರಿ ಮಾಸ್ತರ, ಮ್ಯಾಲ ಹೆಸರ ಬರದಿಲ್ಲ. ಹುಬ್ಬಳ್ಳಿ ರೈಲ್ವೆ ಕಾಲನ್ಯಾಗ ಒಬ್ಬ ಗಾರ್ಡ ಸಾಹೇಬ್ರ ಟೇಪ ರಿಪೇರಿ ಮಾಡಿ ಕೊಟ್ಟಿದ್ದೆ. ಖುಷಿ ಆಗಿ ಈ ಕ್ಯಾಸೆಟ್ ತುಂಬಿಸಿ ಕೊಟ್ರ್ರಿ," ಎಂದೆ ನೀನು. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ರೇಡಿಯೋಕ್ಕೆ ಕಿವಿ ಹಚ್ಚಿ ಇಂಥ ಹಾಡು ಕೇಳಿದವನು ನಾನು. ಊರಲ್ಲಿ ಅದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲದೆ ಒಳಗೇ ಕೊಳೆಯುತ್ತಿದ್ದೆ. ಅವತ್ತು ನನಗೆ ಆದ ಸಂತೋಷವನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಮೇಲೆ, ಈ ಕಲಘಟಗಿಗೆ ವರ್ಗವಾಗುವ ತನಕ, ಪ್ರತಿ ರವಿವಾರ ಮಧ್ಯಾಹ್ನ ನಿನ್ನ ರಿಪೇರಿ ಅಂಗಡಿಯೇ ನನ್ನ ಮನೆಯಾಯಿತು. ಕರಾರು ಹಾಕಿದವನು ನೀನೇ. "ಬರೇ ಹಾಡ ಕೇಳಿ ತಲಿ ಅಳ್ಳಾಡಿಸಿದ್ರ ಏನ ಬಂತ್ರಿ? ಯಾಕ ಮನಸಿಗೆ ಹತ್ತೈತಿ, ಅದನ್ನ ಹೇಳಬೇಕ್ರಿ." ಯಾರು ಹಾಡು ಆರಿಸುತ್ತಾರೋ ಅವರು ಅದರ ಹಿಂದಿನ ತಮ್ಮ ಕಥೆ ಹೇಳಬೇಕು. ಹಾಡುಗಳ ಹೆಸರು ನಮಗೆ ಗೊತ್ತಿರಲಿಲ್ಲ, ನಾವೇ ಇಟ್ಟೆವು. ಡ್ರಮ್ಮಿನ ಬಡಿತ ಪಟ್‌ಪಟ್ ಎಂದು ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ ಬೀಳುವ ಹಾಡಿಗೆ ನೀನು ಗಿರಣಿ ಹಾಡು ಎಂದೆ. ಚಿಕ್ಕಂದಿನಲ್ಲಿ ನಿನ್ನ ಕಿವಿ ಸೋರುತ್ತಿತ್ತು. ನಿನ್ನ ಅವ್ವ ಮಾಬುಬಿ ಬಳ್ಳೊಳ್ಳಿ ಎಣ್ಣೆ ಕಾಸಿ ಬಿಟ್ಟರೂ ನಿಲ್ಲಲಿಲ್ಲ, ಬಲಗಿವಿ ಪೂರ್ತಿ ಹೋಯಿತು. ಶಾಲೆಯಲ್ಲಿ ಹುಡುಗರು ಸೋರುಗಿವಿ ಎಂದು ಕೂಗಿ ಓಡುತ್ತಿದ್ದರು. ಅದಕ್ಕೇ ನೀನು ಜೋಳದ ಚೀಲ ಹೊತ್ತು ಗಿರಣಿಗೆ ಹೋಗಲು ಕಾಯುತ್ತಿದ್ದೆ. "ಅಲ್ಲೆ ಯಾರಿಗೂ ಏನೂ ಕೇಳತಿದ್ದಿಲ್ರಿ. ಗೌಡಗೂ ಇಲ್ಲ, ನನಗೂ ಇಲ್ಲ. ಎಲ್ಲಾರೂ ನನ್ನಂಗ ಕೈಸನ್ನಿ ಮಾಡ್ತಿದ್ರು," ಎಂದು ನೀನು ನಕ್ಕಿದ್ದೆ. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ನನ್ನ ಹಾಡಿನ ಕಥೆ ನಿನಗೆ ಗೊತ್ತು, ಅದರಲ್ಲಿ ನೀನೂ ಇದ್ದೀ. ನಮ್ಮ ತಂದೆ ಪಾಂಡುರಂಗರಾಯರು ಜೀವಮಾನದಲ್ಲಿ ನನಗೆ ಶಹಬ್ಬಾಸ್ ಎಂದವರಲ್ಲ. ಅವರು ತೀರಿದಾಗ ನನ್ನ ಕಣ್ಣಲ್ಲಿ ನೀರೇ ಬರಲಿಲ್ಲ. "ಹೆತ್ತಪ್ಪ ಹೋದ್ರೂ ಒಂದ ಹನಿ ಇಲ್ಲ ನೋಡ್ರಿ ಇವನ ಕಣ್ಣಾಗ," ಎಂದು ಅತ್ತೆ ಭೀಮಾಬಾಯಿ ಬಂದವರಿಗೆಲ್ಲ ಹೇಳಿದರು. ವೈಕುಂಠ ಸಮಾರಾಧನೆ ಮುಗಿಸಿ ಬೋಳುತಲೆಯಲ್ಲಿ ನಿನ್ನ ಅಂಗಡಿಗೆ ಬಂದೆ. ನೀನು ಏನೂ ಕೇಳದೆ ಶಟರ್ ಎಳೆದು, ಮಗನೊಬ್ಬ ಮೊದಲಿಂದ ಕೊನೆತನಕ ತನ್ನ ಅಪ್ಪನ ಮೇಲೆ ಒದರಾಡುವ ಆ ಹಾಡನ್ನು ಪೂರ್ತಿ ಜೋರು ಮಾಡಿ ಹಚ್ಚಿದೆ. ಹೊರಗಿನಿಂದ ಹನಮಂತಪ್ಪ "ಯಾರನ್ನ ಕೊಯ್ಯಾಕತ್ತೀಯೋ ಹಸನ್ಯಾ ಒಳಗ?" ಎಂದು ಕೂಗಿದ. ಅವನಿಗೆ ಕೇಳಿಸಿದ್ದರಲ್ಲಿ ಅರ್ಧ ಹಾಡು, ಅರ್ಧ ನನ್ನ ಅಳು. ನನ್ನ ಜೀವ ಅವತ್ತು ಹಗುರಾಗದಿದ್ದರೆ ನಾನು ಏನಾಗುತ್ತಿದ್ದೆನೋ ತಿಳಿಯದು.

ಎಲ್ಲ ಹಾಡಿಗೂ ಕಥೆ ಇತ್ತು, ಒಂದನ್ನು ಬಿಟ್ಟು. ಅದು ನೀನು ರೇಡಿಯೋದಿಂದ ಟೇಪಿಗೆ ಹಿಡಿದದ್ದು. ನಿಧಾನಕ್ಕೆ ಶುರುವಾಗಿ ನಡುವೆ ಗಿಟಾರು ಮೇಲೇಳುವ ಹಾಡು. ಗಿಟಾರು ಏಳುವ ಹೊತ್ತಿಗೆ ನೀನು ಟಕ್ಕೆಂದು ಬಟನ್ ಒತ್ತಿ ನಿಲ್ಲಿಸುತ್ತಿದ್ದೆ. "ಮುಂದ ಟೇಪ ಸಿಗಿಬೀಳ್ತೈತ್ರಿ," ಎನ್ನುತ್ತಿದ್ದೆ. ಕಥೆ ಕೇಳಿದರೆ "ಅದಕ್ಕ ಕಥಿಲ್ಲ ಬಿಡ್ರಿ, ಬರೇ ಹಾಡು," ಎನ್ನುತ್ತಿದ್ದೆ. ಊರ ಮಂದಿಯ ಹರಿದ ಟೇಪನ್ನೆಲ್ಲ ಅಂಟಿಸಿಕೊಡುವವನು ತನ್ನದೊಂದನ್ನು ಸರಿಮಾಡಿಕೊಳ್ಳಲಾರನೇ ಎಂದು ಎಷ್ಟೋ ಸಲ ಅನಿಸಿತ್ತು.

ಈ ಮೇ ತಿಂಗಳಲ್ಲಿ ಕುಬಿಹಾಳದ ಗೂಳಪ್ಪನ ಮಗಳ ಮದುವೆಗೆ ನಾನೂ ಬಂದಿದ್ದೆನಲ್ಲ. ಮೈಕಿನವನು ಹಂದರದ ಹಿಂದೆ ಬೇವಿನ ಗಿಡದ ಬುಡದಲ್ಲಿ ಕೂತಿರುತ್ತಾನೆ, ಅವನಿಗೆ ಮುಂದಿನದೇನೂ ಕಾಣುವುದಿಲ್ಲ. ಅಕ್ಕಿಕಾಳಿನ ಹೊತ್ತಿಗೆ ಐನೋರು ಮಂತ್ರ ಎತ್ತಿದ್ದನ್ನು ಕೇಳಿಯೇ ಅವನು ಹಾಡು ನಿಲ್ಲಿಸಬೇಕು. ಇಷ್ಟು ವರ್ಷ ನೀನು ಒಮ್ಮೆಯೂ ತಪ್ಪಿದವನಲ್ಲ. ಅವತ್ತು ಮಂತ್ರ ಮುಗಿಯುತ್ತ ಬಂದರೂ ನಿನ್ನ ಸಿನೇಮಾ ಹಾಡು ನಿಲ್ಲಲಿಲ್ಲ. ಕೈಯಲ್ಲಿ ಅಕ್ಕಿಕಾಳು ಹಿಡಿದ ಜನ ಯಾವಾಗ ಹಾಕಬೇಕೆಂದು ತಿಳಿಯದೆ ಒಬ್ಬರ ಮೋರೆ ಒಬ್ಬರು ನೋಡಿದರು. ಗೂಳಪ್ಪ ತಾನೇ ಓಡಿಬಂದು ವೈರು ಹರಿದು, "ಕಿವಿಯಾಗ ಏನ ಹೆಟ್ಟಿಕೊಂಡ ಕುಂತೀಲೇ?" ಎಂದು ಎಲ್ಲರೆದುರು ಬೈದ. ಆಗ ನೀನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅವನೇನು ಅನ್ನುತ್ತಿದ್ದಾನೆಂದು ನಿನಗೆ ಕೇಳಿಸಿಯೇ ಇಲ್ಲವೆಂಬುದು ಆ ಹಂದರದಲ್ಲಿ ನನಗೊಬ್ಬನಿಗೇ ತಿಳಿಯಿತು.

ಹುಬ್ಬಳ್ಳಿಗೆ ಕರೆದೊಯ್ದವನು ನಾನೇ. ಎಡಗಿವಿಯ ಒಳಗಿನ ಕೀವು ಎಲುಬು ತಿನ್ನುತ್ತ ಮಿದುಳಿನ ಕಡೆ ಹೊರಟಿದೆ ಎಂದರು ಡಾಕ್ಟರು. ನಿನಗೆ ಕೇಳಿಸದೆಂದು ಚೀಟಿಯಲ್ಲಿ ಬರೆದು ತೋರಿಸಿದರು: ಆಪರೇಶನ್ ಮಾಡದಿದ್ದರೆ ಜೀವಕ್ಕೆ ಅಪಾಯ, ಮಾಡಿದರೆ ಉಳಿದಷ್ಟು ಕೇಳುವುದೂ ಹೋಗುತ್ತದೆ. ನೀನು ಓದಿ, "ಜೋರ ಮಾಡಿದ್ರೂ ಹಾಡ ಕೇಳೂದಿಲ್ಲೇನ್ರಿ?" ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ನೀನು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಹಾಡಿನ ಸಲುವಾಗಿ ಯಾರಾದರೂ ಸಾಯುತ್ತಾರೇನೋ ಹುಚ್ಚಾ ಎಂದು ನಾನು ಊರೇ ತಿರುಗಿ ನೋಡುವ ಹಾಗೆ ಕೂಗಿದ್ದೆ. ನೀನು ಮೋರೆ ತಿರುಗಿಸಿದೆ.

ಯಾಕೆಂದು ನಿನ್ನೆ ತಿಳಿಯಿತು.

ನಾವು ರೇಡಿಯೋದಿಂದ ಹಾಡು ಹಿಡಿಯುತ್ತಿದ್ದ ರೀತಿ ನೆನಪಿದೆಯಲ್ಲ. ನೇರ ವೈರು ಹಚ್ಚುವಂಥ ರೇಡಿಯೋ ನಿನ್ನ ಹತ್ತಿರ ಇರಲಿಲ್ಲ. ರೇಡಿಯೋದ ಮುಂದೆ ಟೇಪ್ ಇಟ್ಟು, ಕಿಡಕಿ ಮುಚ್ಚಿ, ಉಸಿರು ಬಿಗಿಹಿಡಿದು ಕೂರುವುದು. ಅದಕ್ಕೇ ನಮ್ಮ ಕ್ಯಾಸೆಟ್ಟುಗಳಲ್ಲಿ ಹನಮಂತಪ್ಪನ ಚಹದ ಕಪ್ಪು-ಬಸಿಯ ಸಪ್ಪಳವಿದೆ, ಗದಗಿನ ರೈಲಿದೆ, ಯಾರದೋ ಆಡಿನ ಮರಿಯೂ ಇದೆ. ಅವನ್ನೆಲ್ಲ ಕೇಳಿ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ನೀನು ನಿಲ್ಲಿಸುತ್ತಿದ್ದ ಆ ಹಾಡಿನ ನಡುವೆ ಯಾರಿದ್ದಾರೆಂದು ಖಾಸಿಂಬಿ ನನ್ನ ಪಡಸಾಲೆಯಲ್ಲಿ ಕೂತು ಹೇಳಿದಳು.

"ಅಣ್ಣಾರ, ಮದಲ ಸಣ್ಣಗ ಇಟಗೊಂಡ ಕೇಳ್ತಿದ್ರು, ನನಗೇನ ಗೊತ್ತ್ರಿ? ಈ ಬ್ಯಾಸಗ್ಯಾಗ ಕಿವಿ ಮಂದ ಆಗಿ ಜೋರ ಮಾಡಿದ್ರು. ನಾ ಅಂಗಡಿ ಹಿಂದ ನಮ್ಮ ಹಿತ್ತಲದಾಗ ಅರಿವಿ ಒಣಾ ಹಾಕಾಕತ್ತಿದ್ದೆ. ಆ ಒದರಾಟದ ನಡುವ ನನ್ನ ರಜಿಯಾ ಕರದ್ಲ್ರಿ. 'ಅಬ್ಬಾ... ಚಾ...' ಅಂತ. ನಾನ ಕಳಿಸಿದ್ದೆ ಅಕಿನ್ನ, ಚಾ ಆರ್ತೈತಿ ನಿಮ್ಮ ಅಬ್ಬಾನ್ನ ಕರಿ ಅಂತ."

ನಿನ್ನ ಮಗಳನ್ನು ನಾನೂ ಎತ್ತಿ ಆಡಿಸಿದವನು, ಹಸನಸಾಬ. ಎರಡು ವರ್ಷ ತುಂಬಿದ ಕೂಸು ಐದು ವರ್ಷದ ಹಿಂದಿನ ಆ ಮಳೆಗಾಲದ ಜ್ವರದಲ್ಲಿ ಕೈ ಬಿಟ್ಟು ಹೋದಾಗ ನಾನೂ ಮಣ್ಣಿಗೆ ಬಂದಿದ್ದೆ. ಅವಳ ಒಂದು ಫೋಟೋ ಕೂಡ ನಿಮ್ಮ ಹತ್ತಿರ ಇಲ್ಲವೆಂದು ನನಗೆ ಗೊತ್ತು. ಆ ಕೂಗು ಒಂದೇ ಉಳಿದಿದೆ ಎಂದು ಗೊತ್ತಿರಲಿಲ್ಲ. ಅವಳು ಕರೆದ ಮೇಲೆ ಟೇಪಿನಲ್ಲಿ ಏನು ಬರುತ್ತದೆಂದೂ ಖಾಸಿಂಬಿ ಹೇಳಿದಳು. ಹಾಡು ಕೆಟ್ಟೀತೆಂದು ನೀನು "ಶ್! ಚುಪ್!" ಎಂದು ಗದರುತ್ತೀ. ನೀನು ನನ್ನಿಂದ ಬಚ್ಚಿಟ್ಟದ್ದು ಇದನ್ನೇ ಅಲ್ಲವೇ? ಮಗಳ ದನಿಯ ಜೊತೆಗೇ ನಿನ್ನ ಆ ಗದರಿಕೆ. ಒಂದನ್ನು ಕೇಳಬೇಕೆಂದರೆ ಇನ್ನೊಂದನ್ನೂ ಕೇಳಲೇಬೇಕು. ಐದು ವರ್ಷ ಒಬ್ಬನೇ ಶಟರ್ ಎಳೆದುಕೊಂಡು ಇದನ್ನು ಕೇಳಿದೆಯಲ್ಲೋ. ನಾನು ನನ್ನ ಅಪ್ಪನ ಸಲುವಾಗಿನ ಅಳುವನ್ನೆಲ್ಲ ನಿನ್ನ ಅಂಗಡಿಯಲ್ಲೇ ತಂದು ಚೆಲ್ಲಿದೆ. ನಿನ್ನದನ್ನು ಒಂದು ಸಲವೂ ಹೇಳಬೇಕು ಅನ್ನಿಸಲಿಲ್ಲವೇ? ನನಗೆ ಇದರಿಂದ ದುಃಖವಾಗಿದೆ, ಸಿಟ್ಟೂ ಬಂದಿದೆ.

ಆದರೆ ನನ್ನ ಸಿಟ್ಟು ಹಾಳಾಗಿ ಹೋಗಲಿ. ಖಾಸಿಂಬಿ ಸಿಟ್ಟು ಮಾಡಲಿಲ್ಲ. "ಒಳಗ ಮಗಳು ಕರೀತಾಳ, ಹೊರಗ ನಾ ಹಸಿ ಅರಿವಿ ಹಿಡಕೊಂಡ ನಿಂತಿರ್ತೀನ್ರಿ. ಒಳಗ ಬಾ ಅಂತ ನನ್ನ ಯಾರೂ ಕರಿಯೂದಿಲ್ಲ. ಈಗ ಇವ್ರೂ ಹೋದ್ರ ನಾ ಯಾವ ಬಾಗಲದಾಗ ನಿಂದರ್ಲಿ?" ಎಂದಳು. ಇಷ್ಟು ಹೇಳಿ ಸೆರಗಿನಿಂದ ಮೋರೆ ಒರೆಸಿಕೊಂಡು, ಕಡೆಯ ಬಸ್ಸು ತಪ್ಪೀತೆಂದು ಚಹ ಕೂಡ ಕುಡಿಯದೆ ಎದ್ದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ಅವಳು ಬಿಟ್ಟುಹೋದ ಆ ಚಹದ ಮುಂದೆ ಬಹಳ ಹೊತ್ತು ಕೂತಿದ್ದೆ.

ನಾನು ಬುಧವಾರದಿಂದ ರಜೆ ಹಾಕಿದ್ದೇನೆ. ಬುಧವಾರ ಮಧ್ಯಾಹ್ನ ಅಣ್ಣಿಗೇರಿಗೆ ಬರುತ್ತೇನೆ. ಅಷ್ಟರೊಳಗೆ ನೀನು ಖಾಸಿಂಬಿಯನ್ನು ಅಂಗಡಿಯೊಳಗೆ ಕರೆದು, ನಿನ್ನ ಸ್ಟೂಲಿನ ಮೇಲೆ ಕೂಡಿಸಿ, ಆ ಕ್ಯಾಸೆಟ್ ಹಚ್ಚಬೇಕು. ನಡುವೆ ನಿಲ್ಲಿಸಬಾರದು. ಗುರುವಾರ ಮುಂಜಾನೆ ಮೂವರೂ ಹುಬ್ಬಳ್ಳಿಗೆ ಹೋಗೋಣ. ನಿನ್ನ ಅಂಗಡಿ ಮುಚ್ಚಿದ್ದರೆ ಕಟ್ಟೆಯ ಮೇಲೆ ಕೂತು, ನಿನಗೆ ಕೇಳಿಸಲಿ ಬಿಡಲಿ, ಹನಮಂತಪ್ಪನ ಎದುರಿಗೇ ಇದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ನನಗೆ ನಾಚಿಕೆ ಕಡಿಮೆ ಎಂದು ನಿನಗೆ ಗೊತ್ತಿದೆ. ಆಪರೇಶನ್ ಆದ ಮೇಲೆ ನೀನು ನನ್ನ ಮಾತು ಕೇಳಲಾರೆ, ಯಾವ ಹಾಡನ್ನೂ ಕೇಳಲಾರೆ. ಅದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ, ಸುಳ್ಳು ಹೇಳುವುದೂ ಇಲ್ಲ. ನನಗೂ ಭಯವಾಗುತ್ತಿದೆ. ಆದರೆ ನೀನು ಬದುಕಿದ್ದರೆ ಸಾಕು, ಕಥೆಗಳನ್ನು ನಾನು ಬರೆದು ತೋರಿಸುತ್ತೇನೆ.

ಇನ್ನೊಂದು ಮಾತಿದೆ, ಇದನ್ನೇ ಮೊದಲು ಬರೆಯಬೇಕಿತ್ತು, ಕೈ ಏಳಲಿಲ್ಲ. ನೀನು ಚುಪ್ ಎಂದ ಮೇಲೆ ಟೇಪಿನಲ್ಲಿ ಏನಿದೆಯೋ ಅದು ನಿನಗೆ ಗೊತ್ತಿಲ್ಲ. ಆಗಲೇ ನಿನ್ನ ಕಿವಿಗೆ ತೀರ ಸಣ್ಣ ಸಪ್ಪಳ ಹತ್ತುತ್ತಿರಲಿಲ್ಲ. ಖಾಸಿಂಬಿ ಗೋಡೆಗೆ ಕಿವಿ ಹಚ್ಚಿ ಮತ್ತೆ ಮತ್ತೆ ಕೇಳಿದ್ದಾಳೆ. "ಇವ್ರು ಚುಪ್ ಅಂದಕೂಡ್ಲೆ ಅಕಿ ಕಿಸಕ್ಕನ ನಗ್ತಾಳ್ರಿ ಅಣ್ಣಾರ. ನಕ್ಕೋತ ಒಳಗ ನನ್ನ ಕಡೆ ಓಡಿ ಬರ್ತಾಳ," ಎಂದಳು. ನಿನ್ನ ಗದರಿಕೆಗೆ ಮಗಳು ಹೆದರಲಿಲ್ಲ, ಅಳಲಿಲ್ಲ, ಹಸನಸಾಬ. ನಕ್ಕಳು. ಆ ನಗೆಯನ್ನು ಕೇಳಬಲ್ಲ ಕಿವಿ ನಿನ್ನ ಮನೆಯಲ್ಲಿ ಇರುವುದು ಖಾಸಿಂಬಿಗೆ ಮಾತ್ರ. ಅವಳನ್ನು ಒಳಗೆ ಕರಿ.

ನಿನ್ನ ಹಟದಷ್ಟೇ ನಿನ್ನ ಆಯುಷ್ಯವೂ ಗಟ್ಟಿಯಾಗಿರಲಿ. ನಿನ್ನ ಅಲ್ಲಾಹನಿಗೂ ನನ್ನ ವಿಠೋಬನಿಗೂ ಇವತ್ತು ಮುಂಜಾನೆ ಅದನ್ನೇ ಕೇಳಿಕೊಂಡಿದ್ದೇನೆ.

ಬುಧವಾರ ಬರುವ,
ನಿನ್ನ ಏಕನಾಥ ಮಾಸ್ತರ