ಕ್ಲಿಯರ್ ಎಂಬ ಒಂದು ಮಾತು

ಮನೆಯಿಂದ,
೧೨ನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಮ್ಮಾ,

ಹೇಗಿದ್ದೀಯ ಮಗಳೇ? ಹೊಸ ಊರಿನ ನೀರು ಒಗ್ಗಿತೇ? ಲೈನ್‌ಮನ್ ಕೆಲಸಕ್ಕೆ ಸೇರಿದ ವಾರದಲ್ಲೇ ಮೊಣಕಾಲು ನೋವು ಎಂದಿದ್ದೆಯಲ್ಲ, ಈಗ ಕಡಿಮೆಯೇ? ನನ್ನನ್ನು ಮೊನ್ನೆ ಡಾಕ್ಟರು ನೋಡಿ, "ಎದೆ ಕ್ಲಿಯರ್ ಇದೆ" ಎಂದರು. ಆ ಹುಮ್ಮಸ್ಸಿನಲ್ಲಿ ಮನೆಗೆ ಬಂದರೆ ನಿನ್ನಮ್ಮ ಅಟ್ಟ ಕ್ಲಿಯರ್ ಮಾಡಿ ಕೂತಿದ್ದಳು. ಎಂದರೆ ನನ್ನ ಹಳೆಯ ಬೂಟು, ಬೆಲ್ಟು ಎಲ್ಲ ಗುಜರಿಗೆ. ನೀನು ಪರೀಕ್ಷೆ ಕ್ಲಿಯರ್ ಮಾಡಿದೆಯೆಂದು ಬೀದಿಗೆಲ್ಲ ಡಂಗುರ ಸಾರಿದವಳೂ ಅವಳೇ. ನಮ್ಮ ಮನೆಯಲ್ಲಿ ಈ ಇಂಗ್ಲಿಷ್ ಪದ ಉಪ್ಪಿನ ಹಾಗೆ, ಎಲ್ಲದಕ್ಕೂ ಬೀಳುತ್ತದೆ.

ಆದರೆ ಲೈನಿನ ಕೆಲಸದಲ್ಲಿ ಅದನ್ನು ಕೇಳಿದರೆ ನನಗೆ ಈಗಲೂ ಭಯ. ಫೋನಿನಲ್ಲಿ ನೀನು ಎಷ್ಟು ಸಲೀಸಾಗಿ ಹೇಳಿಬಿಟ್ಟೆ: "ಕರೆಂಟ್ ಸ್ಟೇಷನ್ನೋರು ಲೈನ್ ಕ್ಲಿಯರ್ ಅಂದ್ರು, ಕಂಬ ಹತ್ಬಿಟ್ಟೆ ಅಪ್ಪಾ. ಚೈನ್ ಹಾಕ್ತಾ ಕೂತ್ರೆ ಹೊತ್ತಾಗುತ್ತೆ." ಕ್ಲಿಯರ್ ಎಂದರೆ ಅವರು ತಮ್ಮ ಕಡೆಯ ಸ್ವಿಚ್ ತೆಗೆದಿದ್ದಾರೆ, ಅಷ್ಟೇ. ಬೇರೆಲ್ಲಿಂದಾದರೂ ಕರೆಂಟು ನುಗ್ಗಿದರೆ ಅದು ನೆಲಕ್ಕೆ ಹರಿದುಹೋಗಲಿ ಎಂದು, ಕೆಲಸದ ಜಾಗದ ಎರಡೂ ಬದಿಗೆ ತಂತಿಯಿಂದ ನೆಲಕ್ಕೆ ಚೈನ್ ಇಳಿಬಿಟ್ಟ ಮೇಲೆಯೇ ಕೈ ಹಾಕಬೇಕು. ಎರಡೂ ಬದಿ, ಗುಂಡಮ್ಮಾ! ಹೊತ್ತಾದರೆ ಆಗಲಿ. ಜೊತೆಯವರು ಪುಕ್ಕಲಿ ಎಂದರೆ ಅನ್ನಲಿ, ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಮೂವತ್ತು ವರ್ಷ ಕಂಬದ ಮೇಲೆ ಆಗದಷ್ಟು ಭಯ ಈಗ ಕುರ್ಚಿಯಲ್ಲಿ ಕೂತು ಆಗುತ್ತಿದೆ. ಫೋನಿನಲ್ಲಿ ಹೇಳಲು ಹೋದರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಕಾಗದ.

ಅಮ್ಮ ಹರಸಿದ್ದಾಳೆ. ಚಿಕ್ಕಪ್ಪನೂ ನಿನ್ನನ್ನು ಕೇಳಿದ; ಬಲಗೈ ಹೋದ ಮೇಲೆ ಅವನು ಕಲಿತ ಎಡಗೈ ಬರಹ ಈಗ ನನ್ನದಕ್ಕಿಂತ ದುಂಡಗಿದೆ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹೊತ್ತುಹೊತ್ತಿಗೆ ಉಣ್ಣು.

ನಿನ್ನ
ಅಪ್ಪ

ಇನ್ನೊಂದು ಮಾತು: ಚಿಕ್ಕಪ್ಪನ ಕೈ ಹೋದದ್ದು ಸ್ಟೇಷನ್ನಿನವರ ತಪ್ಪಿನಿಂದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಆದರೆ ಸ್ಟೇಷನ್ನಿನವರು ಸರಿಯಾಗಿಯೇ ಕ್ಲಿಯರ್ ಕೊಟ್ಟಿದ್ದರು. ಅವನು ಕಂಬದ ಮೇಲೆ, ಕೆಳಗಿದ್ದವನು ನಾನು. ಊಟದ ಹೊತ್ತು, ಹಸಿವು. ಚೈನ್ ಒಂದೇ ಬದಿಗೆ ಹಾಕಿ, ಎರಡಕ್ಕೂ ಹಾಕಿದೆ ಎಂದು ಕೂಗಿದೆ. ಇನ್ನೊಂದು ಬದಿಯಿಂದ ಯಾವುದೋ ಅಂಗಡಿಯ ಜನರೇಟರಿನ ಕರೆಂಟು ತಂತಿಗೆ ಬಂತು. ಅಣ್ಣ ಹೇಳಿದನಲ್ಲ ಎಂದು ಅವನು ಕೈ ಇಟ್ಟ. ಅವನಿಗೆ ಇಂದಿಗೂ ಗೊತ್ತಿಲ್ಲ, ಹೇಳುವ ಧೈರ್ಯ ನನಗಿಲ್ಲ. ಇನ್ನು ಮುಂದೆ ಚೈನನ್ನು ನಿನ್ನ ಕೈಯಾರೆ ಹಾಕು. ಹಾಕಿದ್ದೇನೆಂದು ಕೆಳಗಿನಿಂದ ನಿನ್ನ ಅಪ್ಪನೇ ಕೂಗಿದರೂ ನಂಬಬೇಡ.